ಸಿಂಕ್‌ಥಿಂಗ್ ವಿಮರ್ಶೆ: ಕನ್ನಡ ಹೆಸರಿನ ಫೈಲುಗಳು, ತಾತ್ಕಾಲಿಕ ಹೆಸರುಗಳು ಮತ್ತು ಹಲವು ಬಗೆಯ ಡಿಸ್ಕ್‌ಗಳು

ಒಂದೇ ಫೋಲ್ಡರನ್ನು ಎರಡು ಮೂರು ಯಂತ್ರಗಳಲ್ಲಿ ಏಕರೂಪವಾಗಿ ಇಟ್ಟುಕೊಳ್ಳಲು ನೆರವಾಗುವ ತಂತ್ರಾಂಶಗಳನ್ನು ಹೋಲಿಸುವಾಗ ಸಾಮಾನ್ಯವಾಗಿ ವೇಗ, ಬೆಲೆ, ಬಳಕೆಯ ಸರಳತೆ ಇವುಗಳ ಬಗ್ಗೆಯೇ ಮಾತು ನಡೆಯುತ್ತದೆ. ಕನ್ನಡದಲ್ಲಿ ಹೆಸರಿಟ್ಟ ಫೈಲುಗಳನ್ನು ಲಿನಕ್ಸ್ ಲ್ಯಾಪ್‌ಟಾಪ್, ವಿಂಡೋಸ್ ಡೆಸ್ಕ್‌ಟಾಪ್, ಆಂಡ್ರಾಯ್ಡ್ ಫೋನ್ ಮತ್ತು ಮೆಮೊರಿ ಕಾರ್ಡುಗಳ ನಡುವೆ ಓಡಾಡಿಸುವವರು ಅದಕ್ಕೂ ಮೊದಲು ನೋಡಬೇಕಾದ ಸಂಗತಿಯೊಂದಿದೆ: ಇನ್ನೂ ಪೂರ್ತಿ ಬಂದಿರದ ಫೈಲನ್ನು ಆ ತಂತ್ರಾಂಶ ಯಾವ ಹೆಸರಿನಲ್ಲಿ, ಎಲ್ಲಿ ಇಟ್ಟುಕೊಳ್ಳುತ್ತದೆ ಎಂಬುದು. ಸಿಂಕ್‌ಥಿಂಗ್ ಈ ವಿಷಯದಲ್ಲಿ ನಾನು ಬಳಸಿದ ತಂತ್ರಾಂಶಗಳಲ್ಲೆಲ್ಲ ಹೆಚ್ಚು ಜಾಗ್ರತೆಯಿಂದ ರೂಪುಗೊಂಡದ್ದು ಎಂಬುದು ನನ್ನ ಅಭಿಪ್ರಾಯ. ಆದರೆ ಆ ಜಾಗ್ರತೆ ಎಲ್ಲ ಕಡೆಗೂ ಸಮನಾಗಿ ಹರಡಿಲ್ಲ, ಎಲ್ಲಿ ಹರಡಿಲ್ಲವೋ ಅಲ್ಲಿ ಕನ್ನಡದ ಬಳಕೆದಾರರಿಗೆ ತೊಡಕು ಹೆಚ್ಚು.

ಮೊದಲು ಅಗತ್ಯವಿರುವಷ್ಟು ಪರಿಚಯ. ಜಾಕೋಬ್ ಬೋರ್ಗ್ 2013ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶವನ್ನು ಗೋ ಭಾಷೆಯಲ್ಲಿ ಬರೆಯಲಾಗಿದೆ. ಪರವಾನಗಿ ಮೊಝಿಲ್ಲಾ ಸಾರ್ವಜನಿಕ ಪರವಾನಗಿ, ಅಂದರೆ ಹಣ ಕೊಡಬೇಕಾಗಿಲ್ಲ. ನಡುವೆ ಕಂಪನಿಯೊಂದರ ಸಂಗ್ರಹಾಗಾರವಿರುವುದಿಲ್ಲ. ನಿಮ್ಮ ಯಂತ್ರಗಳು ಪರಸ್ಪರ ಗುರುತು ಹಿಡಿದು, ಗೂಢಲಿಪಿಯ ಸಂಪರ್ಕದ ಮೂಲಕ ನೇರವಾಗಿ ಫೈಲುಗಳನ್ನು ಹಂಚಿಕೊಳ್ಳುತ್ತವೆ. 2019ರ ಜನವರಿಯಲ್ಲಿ 1.0 ಆವೃತ್ತಿ, 2025ರ ಆಗಸ್ಟ್‌ನಲ್ಲಿ 2.0 ಆವೃತ್ತಿ ಹೊರಬಂದವು. ಅಳವಡಿಕೆಯ ವಿಧಾನವನ್ನು ವಿವರಿಸುವ ಬರಹಗಳು ಬೇಕಾದಷ್ಟಿರುವುದರಿಂದ ಇಲ್ಲಿ ಅದನ್ನು ಬಿಟ್ಟಿದ್ದೇನೆ.

ಬೇರೆ ಯಂತ್ರದಿಂದ ಫೈಲೊಂದು ಬರತೊಡಗಿದಾಗ ಸಿಂಕ್‌ಥಿಂಗ್ ಅದನ್ನು ನೇರವಾಗಿ ಅಂತಿಮ ಹೆಸರಿನಲ್ಲಿ ಬರೆಯುವುದಿಲ್ಲ. ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಫೈಲೊಂದನ್ನು ತೆರೆದು, 128 ಕಿಲೋಬೈಟಿನಿಂದ 16 ಮೆಗಾಬೈಟಿನವರೆಗಿನ ಗಾತ್ರದ ತುಂಡುಗಳನ್ನು ಒಂದೊಂದಾಗಿ ಅದರೊಳಗೆ ಜೋಡಿಸಿ, ಎಲ್ಲ ತುಂಡುಗಳೂ ಬಂದು ಅವುಗಳ ಹ್ಯಾಶ್ (ಮೂಲ ಮಾಹಿತಿಯಿಂದ ಲೆಕ್ಕ ಹಾಕಿ ಪಡೆದ ಗುರುತು) ತಾಳೆಯಾದ ಮೇಲೆ, ಡಿಸ್ಕಿಗೆ ಖಚಿತವಾಗಿ ಬರೆಸಿ, ಕೊನೆಯಲ್ಲಿ ಹೆಸರು ಬದಲಾಯಿಸುತ್ತದೆ. ಹೆಸರು ಬದಲಾಯಿಸುವ ಈ ಹೆಜ್ಜೆ ಒಂದೇ ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಒಳಗೆ ನಡೆದರೆ ಅದು ಅವಿಭಾಜ್ಯ ಕ್ರಿಯೆ: ನೋಡುವವರಿಗೆ ಹಳೆಯ ಫೈಲ್ ಕಾಣುತ್ತದೆ, ಇಲ್ಲವೇ ಹೊಸದು ಪೂರ್ತಿಯಾಗಿ ಕಾಣುತ್ತದೆ; ಅರ್ಧ ಬರೆದ ಸ್ಥಿತಿ ಯಾವ ಕ್ಷಣದಲ್ಲೂ ಕಣ್ಣಿಗೆ ಬೀಳುವುದಿಲ್ಲ. ತಾತ್ಕಾಲಿಕ ಫೈಲನ್ನು ಬೇರೆ ಡಿಸ್ಕಿನಲ್ಲಿಟ್ಟರೆ ಈ ಗುಣ ಇಲ್ಲವಾಗುತ್ತದೆ, ಏಕೆಂದರೆ ಒಂದು ಫೈಲ್ ಸಿಸ್ಟಂನಿಂದ ಇನ್ನೊಂದಕ್ಕೆ ಹೆಸರು ಬದಲಾವಣೆಯ ಮೂಲಕ ಫೈಲನ್ನು ಸಾಗಿಸಲು ಕಾರ್ಯಾಚರಣಾ ವ್ಯವಸ್ಥೆ ಒಪ್ಪುವುದಿಲ್ಲ. ನಕಲು ಮಾಡಲೇಬೇಕಾಗುತ್ತದೆ, ನಕಲು ನಡುವೆ ನಿಂತುಹೋಗಬಹುದು. ಫೈಲುಗಳನ್ನು ನಕಲು ಮಾಡಲು ಬಳಸುವ ಆರ್‌ಸಿಂಕ್ ತಂತ್ರಾಂಶದಲ್ಲಿ ತಾತ್ಕಾಲಿಕ ಫೋಲ್ಡರನ್ನು ಬೇರೆಡೆಗೆ ಸೂಚಿಸುವ ಆಯ್ಕೆ ಇದೆ, ಅದಕ್ಕೆ ತೆರಬೇಕಾದ ಬೆಲೆಯೂ ಇದೇ. ಸಿಂಕ್‌ಥಿಂಗ್ ತಾತ್ಕಾಲಿಕ ಫೈಲನ್ನು ಅಂತಿಮ ಫೈಲಿನ ಪಕ್ಕದಲ್ಲೇ ಇಡುವುದು ಸರಿಯಾದ ನಿರ್ಧಾರ.

ಆದರೆ ಪಕ್ಕದಲ್ಲೇ ಇಡುವುದಾದರೆ, ಬಳಕೆದಾರನ ಫೋಲ್ಡರಿನೊಳಗೆ ಅವನದಲ್ಲದ ಫೈಲೊಂದು ಕೆಲಕಾಲ ಇರುತ್ತದೆ ಎಂದಾಯಿತು. ಅದು ಕಣ್ಣಿಗೆ ಬೀಳಬಾರದು, ಬೇರೆ ಯಂತ್ರಕ್ಕೆ ಹರಿದು ಹೋಗಬಾರದು, ನಿಜವಾದ ಫೈಲೊಂದರ ಹೆಸರಿಗೆ ಡಿಕ್ಕಿ ಹೊಡೆಯಬಾರದು, ಎಲ್ಲ ಬಗೆಯ ಡಿಸ್ಕ್‌ಗಳಲ್ಲೂ ಆ ಹೆಸರು ಮಾನ್ಯವಾಗಿರಬೇಕು. ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್‌ಗಳಲ್ಲಿ ಸಿಂಕ್‌ಥಿಂಗ್ ಮೊದಲು ಒಂದು ಚುಕ್ಕಿ, ಆಮೇಲೆ ತನ್ನ ಹೆಸರು, ಮತ್ತೊಂದು ಚುಕ್ಕಿ, ಅನಂತರ ಫೈಲಿನ ಮೂಲ ಹೆಸರು, ಕೊನೆಗೆ ಟಿಎಂಪಿ ಎಂಬ ಬಾಲ ಸೇರಿಸುತ್ತದೆ. ಚುಕ್ಕಿಯಿಂದ ಆರಂಭವಾಗುವ ಹೆಸರುಗಳನ್ನು ಈ ವ್ಯವಸ್ಥೆಗಳು ಮರೆಯಲ್ಲಿಡುತ್ತವೆ. ಅರ್ಧ ಬಂದ ಚಿತ್ರವೊಂದು ಫೋನಿನ ಗ್ಯಾಲರಿಯಲ್ಲಿ ಕಾಣಿಸಿಕೊಳ್ಳದಿರುವುದಕ್ಕೆ ಇದೂ ಕಾರಣ. ವಿಂಡೋಸ್‌ನಲ್ಲಿ ಚುಕ್ಕಿಗೆ ಅಂತಹ ಅರ್ಥವಿಲ್ಲದ್ದರಿಂದ ಅಲ್ಲಿ ಚುಕ್ಕಿಯ ಬದಲು ~ ಚಿಹ್ನೆಯನ್ನು ತನ್ನ ಹೆಸರಿನ ಎರಡೂ ಬದಿಗೆ ಬಳಸಿ, ಫೈಲನ್ನು ಮರೆಮಾಡುವ ಗುರುತನ್ನು ಬೇರೆಯಾಗಿ ಹಚ್ಚುತ್ತದೆ.

ಇದರಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸಂಗತಿ, ಯಾವ ವ್ಯವಸ್ಥೆಯಲ್ಲಿ ಓಡುತ್ತಿದ್ದರೂ ಸಿಂಕ್‌ಥಿಂಗ್ ಎರಡೂ ಬಗೆಯ ಹೆಸರನ್ನು ತಾತ್ಕಾಲಿಕವೆಂದು ಗುರುತಿಸುತ್ತದೆ ಎಂಬುದು. ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡು, ಒಂದೇ ಎನ್‌ಟಿಎಫ್‌ಎಸ್ (ವಿಂಡೋಸಿನ ಫೈಲ್ ಸಿಸ್ಟಂ) ವಿಭಾಗವನ್ನು ಎರಡರಿಂದಲೂ ತೆರೆಯುವವರು ನಮ್ಮಲ್ಲಿ ಕಡಿಮೆಯಿಲ್ಲ. ವಿಂಡೋಸ್‌ನಲ್ಲಿ ಫೈಲ್ ಬರುತ್ತಿರುವಾಗಲೇ ಯಂತ್ರವನ್ನು ಮುಚ್ಚಿ ಲಿನಕ್ಸ್ ತೆರೆದರೆ, ~ ಚಿಹ್ನೆಯ ಆ ಅರ್ಧ ಫೈಲನ್ನು ಲಿನಕ್ಸಿನ ಸಿಂಕ್‌ಥಿಂಗ್ ಹೊಸ ಫೈಲೆಂದು ಭಾವಿಸಿ ಉಳಿದ ಯಂತ್ರಗಳಿಗೆಲ್ಲ ಹಂಚುವುದಿಲ್ಲ. ತನ್ನ ವ್ಯವಸ್ಥೆಯ ಗುರುತನ್ನಷ್ಟೇ ನೋಡುವ ತಂತ್ರಾಂಶವಾಗಿದ್ದರೆ ಇಲ್ಲಿ ಎಡವುತ್ತಿತ್ತು.

ಹೆಸರಿನ ಉದ್ದದ ವಿಷಯ ಕನ್ನಡದವರು ನಿಧಾನವಾಗಿ ಓದಬೇಕಾದದ್ದು. ಲಿನಕ್ಸಿನ ಇಎಕ್ಸ್‌ಟಿ4, ಫೋನುಗಳಲ್ಲಿ ಹೆಚ್ಚಾಗಿ ಇರುವ ಎಫ್2ಎಫ್‌ಎಸ್ ಈ ಫೈಲ್ ಸಿಸ್ಟಂಗಳು ಫೈಲಿನ ಹೆಸರಿಗೆ 255 ಬೈಟುಗಳ ಮಿತಿ ಇಟ್ಟಿವೆ. ವಿಂಡೋಸಿನ ಎನ್‌ಟಿಎಫ್‌ಎಸ್ ಮತ್ತು ಕಾರ್ಡುಗಳ ಎಕ್ಸ್‌ಫ್ಯಾಟ್‌ನಲ್ಲೂ ಸಂಖ್ಯೆ 255 ಆಗಿದ್ದರೂ ಅಲ್ಲಿ ಎಣಿಕೆಯಾಗುವುದು ಬೈಟುಗಳಲ್ಲ, ಯುಟಿಎಫ್-16 ಎಂಬ ಅಕ್ಷರ ಸಂಕೇತ ಪದ್ಧತಿಯ ಘಟಕಗಳು. ಇಂಗ್ಲಿಷ್ ಹೆಸರುಗಳಿಗೆ ಈ ಎರಡು ಲೆಕ್ಕಗಳ ನಡುವೆ ವ್ಯತ್ಯಾಸವೇ ತಿಳಿಯುವುದಿಲ್ಲ. ಕನ್ನಡದಲ್ಲಿ ಹಾಗಲ್ಲ: ಕನ್ನಡದ ಪ್ರತಿಯೊಂದು ಯುನಿಕೋಡ್ ಸಂಕೇತಕ್ಕೆ ಎನ್‌ಟಿಎಫ್‌ಎಸ್‌ನಲ್ಲಿ ಒಂದು ಘಟಕ ಸಾಕು, ಇಎಕ್ಸ್‌ಟಿ4ರಲ್ಲಿ ಮೂರು ಬೈಟು ಬೇಕು. ‘ವಿಶ್ವವಿದ್ಯಾನಿಲಯ’ ಎಂಬ ಪದ ನಮ್ಮ ಕಣ್ಣಿಗೆ ಏಳು ಅಕ್ಷರ; ಗುಣಿತದ ಚಿಹ್ನೆಗಳೂ ಒತ್ತಕ್ಷರಗಳೂ ಬೇರೆ ಬೇರೆಯಾಗಿ ಎಣಿಕೆಯಾಗುವುದರಿಂದ ಯುನಿಕೋಡಿನಲ್ಲಿ ಅದು 15 ಸಂಕೇತ, ಡಿಸ್ಕಿನಲ್ಲಿ 45 ಬೈಟು. ‘ಮೈಸೂರು ವಿಶ್ವವಿದ್ಯಾನಿಲಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ವಾರ್ಷಿಕ ವರದಿ’ ಎಂದು ಹೆಸರಿಟ್ಟು ಕೊನೆಗೆ ಪಿಡಿಎಫ್ ಬಾಲ ಸೇರಿಸಿದರೆ 179 ಬೈಟು ಆಗಿಬಿಡುತ್ತದೆ. ಗ್ರಂಥಾಲಯದ ಸೂಚಿಯಲ್ಲಿ ಇದು ಉದ್ದವಾದ ಶೀರ್ಷಿಕೆಯೇನಲ್ಲ. ಇದೇ ಕಾರಣದಿಂದ ವಿಂಡೋಸ್‌ನಲ್ಲಿ ನೂರು ಸಂಕೇತಗಳ ಕನ್ನಡ ಹೆಸರನ್ನು ಯಾವ ತಕರಾರಿಲ್ಲದೆ ಇಡಬಹುದು, ಆದರೆ ಅದೇ ಫೈಲನ್ನು ಲಿನಕ್ಸ್ ಅಥವಾ ಫೋನು ಸ್ವೀಕರಿಸಲಾರದು. 85 ಸಂಕೇತಗಳಿಗೇ ಅಲ್ಲಿ 255 ಬೈಟು ಮುಗಿದಿರುತ್ತದೆ.

ತಾತ್ಕಾಲಿಕ ಹೆಸರು ಈ ಮಿತಿಯನ್ನು ಇನ್ನಷ್ಟು ಇಕ್ಕಟ್ಟು ಮಾಡಬಲ್ಲದು. ಸಿಂಕ್‌ಥಿಂಗ್ ಮುಂದೆ ಸೇರಿಸುವ ಭಾಗ 11 ಬೈಟು, ಹಿಂದಿನ ಬಾಲ 4 ಬೈಟು, ಒಟ್ಟು 15. ಅಂತಿಮ ಹೆಸರು 243 ಬೈಟಿನದಾಗಿದ್ದರೆ ಡಿಸ್ಕಿಗೆ ಅದು ಒಪ್ಪಿಗೆ, ಆದರೆ 15 ಸೇರಿ 258 ಆದ ತಾತ್ಕಾಲಿಕ ಹೆಸರು ಒಪ್ಪಿಗೆಯಲ್ಲ. ಅಂದರೆ ಇರಲು ಯೋಗ್ಯವಾದ ಫೈಲೊಂದು ಬರುವ ದಾರಿಯಲ್ಲೇ ಸಿಕ್ಕಿಹಾಕಿಕೊಳ್ಳಬೇಕಾಗುತ್ತಿತ್ತು. ಸಿಂಕ್‌ಥಿಂಗ್ ಇದನ್ನು ಮುಂಚಿತವಾಗಿಯೇ ತಡೆದಿದೆ. ತಾತ್ಕಾಲಿಕ ಹೆಸರಿನ ಒಟ್ಟು ಉದ್ದ 160 ಬೈಟುಗಳನ್ನು ದಾಟುವಂತಿದ್ದರೆ, ಮೂಲ ಹೆಸರನ್ನು ಬಿಟ್ಟು ಅದರ ಹ್ಯಾಶನ್ನು ಆ ಜಾಗದಲ್ಲಿ ಬಳಸುತ್ತದೆ. ಮೇಲಿನ ವಾರ್ಷಿಕ ವರದಿ ಬರುತ್ತಿರುವಾಗ ಫೋಲ್ಡರನ್ನು ಇಣುಕಿ ನೋಡಿದರೆ ಅದರ ಕನ್ನಡ ಹೆಸರು ಎಲ್ಲೂ ಕಾಣುವುದಿಲ್ಲ, ಅಂಕಿ ಮತ್ತು ಅಕ್ಷರಗಳ ಸರಣಿಯಷ್ಟೇ ಕಾಣುತ್ತದೆ. ಗಾಬರಿಯಾಗಬೇಕಿಲ್ಲ, ಬಂದು ಮುಗಿದ ಕೂಡಲೇ ಹೆಸರು ಸರಿಯಾಗಿ ಕಾಣಿಸಿಕೊಳ್ಳುತ್ತದೆ. ಹ್ಯಾಶ್ ಆದ್ದರಿಂದ ಒಂದು ಹೆಸರಿಗೆ ಯಾವಾಗಲೂ ಒಂದೇ ಉತ್ತರ ಬರುತ್ತದೆ, ಹೀಗಾಗಿ ಯಂತ್ರ ಮತ್ತೆ ಆರಂಭವಾದಾಗಲೂ ಯಾವ ಅರ್ಧ ಫೈಲು ಯಾವುದಕ್ಕೆ ಸೇರಿದ್ದು ಎಂಬುದು ತಪ್ಪಿಹೋಗುವುದಿಲ್ಲ.

255ರವರೆಗೆ ಕಾಯದೆ 160ಕ್ಕೇ ಈ ಬದಲಾವಣೆ ಮಾಡಿರುವುದಕ್ಕೆ ಕಾರಣ, ಗೂಢಲಿಪಿಯ ಫೈಲ್ ಸಿಸ್ಟಂಗಳಲ್ಲಿ ಹೆಸರಿನ ಮಿತಿ ಇನ್ನೂ ಕಡಿಮೆಯಿರುವುದು. ಆದರೂ ಎಲ್ಲ ಕಡೆಗೂ ಇದು ಸಾಲುವುದಿಲ್ಲ. ಹಿಂದೆ ಉಬುಂಟುವಿನಲ್ಲಿ ಹೋಮ್ ಫೋಲ್ಡರನ್ನು ಗೂಢಲಿಪಿಯಲ್ಲಿಡಲು ಬಳಸುತ್ತಿದ್ದ ಇಕ್ರಿಪ್ಟ್‌ಎಫ್‌ಎಸ್‌ನಲ್ಲಿ ಮಿತಿ 143 ಬೈಟು ಮಾತ್ರ. ಅಂತಹ ಹಳೆಯ ವ್ಯವಸ್ಥೆ ಇನ್ನೂ ಉಳಿದಿರುವವರು ಹೆಸರನ್ನು 128 ಬೈಟಿನೊಳಗೆ, ಅಂದರೆ ಕನ್ನಡದ ಸುಮಾರು 40 ಸಂಕೇತಗಳೊಳಗೆ ಇಟ್ಟುಕೊಳ್ಳುವುದೇ ಕ್ಷೇಮ.

ಆರ್‌ಸಿಂಕ್ ಇದೇ ಸಮಸ್ಯೆಯನ್ನು ಬೇರೆ ದಾರಿಯಲ್ಲಿ ನಿಭಾಯಿಸುತ್ತದೆ. ಅದು ಮುಂದೆ ಚುಕ್ಕಿಯನ್ನೂ ಕೊನೆಯಲ್ಲಿ ಚುಕ್ಕಿಯೊಂದಿಗೆ ಯಾದೃಚ್ಛಿಕವಾದ ಆರು ಅಕ್ಷರಗಳನ್ನೂ ಸೇರಿಸಿ, ಉದ್ದ ಹೆಚ್ಚಾದರೆ ಮೂಲ ಹೆಸರನ್ನು ಮೊಟಕುಗೊಳಿಸುತ್ತದೆ. ಒಮ್ಮೆ ಓಡಿ ಮುಗಿಯುವ ಕೆಲಸಕ್ಕೆ ಅದು ಸಾಕು. ಆದರೆ ವಿದ್ಯುತ್ ಹಠಾತ್ತನೆ ಹೋದಾಗ ಉಳಿದುಬಿಡುವ ಆ ಫೈಲನ್ನು ಮುಂದಿನ ಬಾರಿ ಆರ್‌ಸಿಂಕ್ ತನ್ನದೆಂದು ಗುರುತಿಸಲಾರದು, ಏಕೆಂದರೆ ಪ್ರತಿ ಬಾರಿಯೂ ಹೊಸ ಆರು ಅಕ್ಷರಗಳು. ಸಿಂಕ್‌ಥಿಂಗ್‌ನ ಹೆಸರು ಸ್ಥಿರವಾದ್ದರಿಂದ ಅದು ಮತ್ತೆ ಎದ್ದ ಮೇಲೆ ಉಳಿದಿದ್ದ ಅರ್ಧ ಫೈಲನ್ನೇ ತೆರೆದು, ಅದರೊಳಗಿನ ತುಂಡುಗಳನ್ನು ಪರಿಶೀಲಿಸಿ, ಸರಿಯಿದ್ದವುಗಳನ್ನು ಉಳಿಸಿಕೊಂಡು ಮಿಕ್ಕವನ್ನಷ್ಟೇ ತರಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಹಲವು ಬಾರಿ ಕರೆಂಟು ಹೋಗುವ ಊರುಗಳಲ್ಲಿ, ಮೊಬೈಲ್ ಸಂಪರ್ಕದ ಮೇಲೆ ಸ್ಕ್ಯಾನ್ ಮಾಡಿದ ದೊಡ್ಡ ಪುಸ್ತಕಗಳನ್ನು ಕಳಿಸುವವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಇನ್ನೂ ಪೂರ್ತಿಯಾಗದ ಫೈಲಿನಲ್ಲಿ ಯಾವ ತುಂಡುಗಳು ಬಂದಿವೆ ಎಂಬುದನ್ನು ಯಂತ್ರಗಳು ಪರಸ್ಪರ ತಿಳಿಸಿಕೊಳ್ಳುವುದರಿಂದ, ಒಂದು ಯಂತ್ರದ ತಾತ್ಕಾಲಿಕ ಫೈಲಿನಿಂದಲೇ ಇನ್ನೊಂದು ಯಂತ್ರ ತುಂಡುಗಳನ್ನು ಪಡೆಯಲೂಬಹುದು. ವಾರಸುದಾರರಿಲ್ಲದೆ ಉಳಿದ ತಾತ್ಕಾಲಿಕ ಫೈಲುಗಳನ್ನು 24 ಗಂಟೆಗಳ ನಂತರ ಅಳಿಸುವುದು ಮೊದಲಿನಿಂದ ಇರುವ ಹೊಂದಿಕೆ. ಸಂಪರ್ಕ ನಿಧಾನವಿದ್ದು ದೊಡ್ಡ ಫೈಲುಗಳಿದ್ದರೆ ಮುಂದುವರಿದ ಹೊಂದಿಕೆಗಳಲ್ಲಿ ಈ ಅವಧಿಯನ್ನು ಹೆಚ್ಚಿಸಿಕೊಳ್ಳುವುದು ಒಳ್ಳೆಯದು.

ಇಷ್ಟು ಜಾಗ್ರತೆ ತಾತ್ಕಾಲಿಕ ಹೆಸರಿಗೆ ಸಿಕ್ಕಿದೆ; ಸಿಂಕ್‌ಥಿಂಗ್ ಸೃಷ್ಟಿಸುವ ಉಳಿದ ಹೆಸರುಗಳಿಗೆ ಸಿಕ್ಕಿಲ್ಲ, ನನ್ನ ಮುಖ್ಯ ಆಕ್ಷೇಪಣೆ ಇದು. ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳುವ ಸೌಲಭ್ಯವನ್ನು ಬಳಸಿದರೆ ಫೈಲಿನ ಹೆಸರಿಗೆ ~ ಚಿಹ್ನೆಯೊಂದಿಗೆ ದಿನಾಂಕ ಮತ್ತು ಸಮಯ ಸೇರುತ್ತವೆ, ಅದು 16 ಬೈಟು. ಒಂದೇ ಫೈಲನ್ನು ಎರಡು ಕಡೆ ತಿದ್ದಿದಾಗ ಹುಟ್ಟುವ ಸಂಘರ್ಷದ ಪ್ರತಿಗೆ ಅದರ ಗುರುತು, ದಿನಾಂಕ, ಸಮಯ, ತಿದ್ದಿದ ಯಂತ್ರದ ಏಳು ಅಕ್ಷರಗಳು ಎಲ್ಲ ಸೇರಿ 38 ಬೈಟು ಹೆಚ್ಚುತ್ತದೆ. ಇವು ಬಳಕೆದಾರ ಓದಿ ಅರ್ಥಮಾಡಿಕೊಳ್ಳಬೇಕಾದ ಹೆಸರುಗಳಾದ್ದರಿಂದ ಹ್ಯಾಶ್ ಹಾಕುವಂತಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ಲೆಕ್ಕ ಹಾಕಿದರೆ, ಸಂಘರ್ಷದ ಪ್ರತಿಗೂ 255ರೊಳಗೆ ಜಾಗ ಉಳಿಯಬೇಕಾದರೆ ಮೂಲ ಹೆಸರು 217 ಬೈಟುಗಳನ್ನು ಮೀರಬಾರದು, ಅಂದರೆ ಕನ್ನಡದ 72 ಸಂಕೇತ. ಇಂಗ್ಲಿಷಿನಲ್ಲಿ ಬರೆಯುವವನಿಗೆ 217 ಅಕ್ಷರಗಳೂ ದಕ್ಕುತ್ತವೆ. ನಾನು ಹೆಸರುಗಳನ್ನು 65 ಸಂಕೇತಗಳೊಳಗೆ ಇಟ್ಟುಕೊಳ್ಳುವ ನಿಯಮ ಮಾಡಿಕೊಂಡಿದ್ದೇನೆ, ಉಳಿದ ವಿವರಗಳನ್ನು ಫೋಲ್ಡರಿನ ಹೆಸರಿಗೆ ವರ್ಗಾಯಿಸುತ್ತೇನೆ.

ಮಾನ್ಯವಲ್ಲದ ಚಿಹ್ನೆಗಳ ವಿಷಯದಲ್ಲೂ ಸಿಂಕ್‌ಥಿಂಗ್ ನಿಷ್ಠುರ. ಲಿನಕ್ಸಿನಲ್ಲಿ ‘ಸಂಪುಟ 2: ಸಂಚಿಕೆ 4’ ಎಂದೋ, ಲೇಖನದ ಶೀರ್ಷಿಕೆಯಂತೆ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿಯೋ ಹೆಸರಿಡಬಹುದು. ವಿಂಡೋಸ್ ಮತ್ತು ಫ್ಯಾಟ್ ಬಳಗದ ಕಾರ್ಡುಗಳು ಅವುಗಳನ್ನು ಒಪ್ಪುವುದಿಲ್ಲ. ಚುಕ್ಕಿಯಲ್ಲಿ ಕೊನೆಯಾಗುವ ಹೆಸರನ್ನೂ ವಿಂಡೋಸ್ ಒಪ್ಪುವುದಿಲ್ಲ, ಇನಿಷಿಯಲ್‌ಗಳಿಂದ ಲೇಖಕರ ಫೋಲ್ಡರುಗಳನ್ನು ಮಾಡುವ ನಮ್ಮ ಅಭ್ಯಾಸಕ್ಕೆ ಇದು ನೇರವಾಗಿ ತಾಗುತ್ತದೆ: ‘ಕೆ.ಎಸ್.’ ಎಂಬ ಫೋಲ್ಡರು ಲಿನಕ್ಸಿನಲ್ಲಿ ಸಲೀಸು, ವಿಂಡೋಸಿಗೆ ಅಸಾಧ್ಯ. ಇಂತಹ ಕಡೆ ಸಿಂಕ್‌ಥಿಂಗ್ ಚಿಹ್ನೆಯನ್ನು ತಾನಾಗಿ ಬದಲಾಯಿಸುವುದಿಲ್ಲ, ಆ ಫೈಲನ್ನು ವಿಫಲವಾದವುಗಳ ಪಟ್ಟಿಯಲ್ಲಿ ಕಾರಣದೊಂದಿಗೆ ತೋರಿಸಿ ಸುಮ್ಮನಾಗುತ್ತದೆ. ಹೆಸರನ್ನು ಗುಟ್ಟಾಗಿ ತಿದ್ದುವುದಕ್ಕಿಂತ ಇದು ಪ್ರಾಮಾಣಿಕ ನಡೆ. ಆದರೆ ಆ ಪಟ್ಟಿಯನ್ನು ತೆರೆದು ನೋಡುವ ಅಭ್ಯಾಸವಿಲ್ಲದವರಿಗೆ ಕೆಲವು ಫೈಲುಗಳು ಬಂದೇ ಇಲ್ಲವೆಂಬುದು ತಿಳಿಯುವುದು ತಡವಾಗುತ್ತದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲದಿರುವುದರಿಂದ ಆ ಭೇದವನ್ನು ಲಿನಕ್ಸ್ ಎಣಿಸಿ ವಿಂಡೋಸ್ ಎಣಿಸದಿರುವ ಪ್ರಸಿದ್ಧ ತಕರಾರು ನಮಗೆ ಬಹುಪಾಲು ತಟ್ಟುವುದಿಲ್ಲ ಎಂಬುದು ಸಮಾಧಾನದ ಸಂಗತಿ.

ಮ್ಯಾಕ್ ಬಳಸುವ ಕನ್ನಡಿಗರು ತಿಳಿದಿರಬೇಕಾದ ಇನ್ನೊಂದು ಅಂಶ ಬಹಳ ಸೂಕ್ಷ್ಮವಾದದ್ದು. ‘ಮೈಸೂರು’ ಎಂದು ಬರೆದಾಗ ಐತ್ವವನ್ನು ಯುನಿಕೋಡ್ ಒಂದೇ ಸಂಕೇತವಾಗಿ ಇಡಬಹುದು, ಇಲ್ಲವೇ ಎತ್ವ ಮತ್ತು ಅದರ ಬಾಲ ಎಂದು ಎರಡಾಗಿ ಬಿಡಿಸಿಯೂ ಇಡಬಹುದು. ಯುನಿಕೋಡಿನ ಪ್ರಕಾರ ಎರಡೂ ಸಮಾನ. ದೀರ್ಘದ ಚಿಹ್ನೆ ಬರುವ ‘ಬೇಲೂರು’, ಓತ್ವ ಬರುವ ‘ಕೋಲಾರ’ ಇವುಗಳಿಗೂ ಇದು ಅನ್ವಯಿಸುತ್ತದೆ. ‘ಕೋ’ದಲ್ಲಿರುವ ಓತ್ವವಂತೂ ಮೂರಾಗಿ ಒಡೆಯುತ್ತದೆ. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಂ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಬರೆದಿಡುತ್ತದೆ; ಲಿನಕ್ಸ್ ಕೊಟ್ಟ ಬೈಟುಗಳನ್ನು ಹಾಗೆಯೇ ಇಡುತ್ತದೆ, ಹೀಗಾಗಿ ಅದಕ್ಕೆ ಎರಡು ರೂಪಗಳು ಎರಡು ಬೇರೆ ಫೈಲುಗಳು. ಅಲ್ಲದೆ ಒಂದಾಗಿದ್ದಾಗ ಮೂರು ಬೈಟಿನದಾಗಿದ್ದ ಓತ್ವ ಬಿಡಿಸಿದಾಗ ಒಂಬತ್ತು ಬೈಟಾಗುತ್ತದೆ, ಉದ್ದದ ಲೆಕ್ಕವೂ ಕೆಡುತ್ತದೆ. ಸಿಂಕ್‌ಥಿಂಗ್‌ನಲ್ಲಿ ಹೆಸರುಗಳನ್ನು ಒಂದೇ ರೂಪಕ್ಕೆ ತರುವ ಹೊಂದಿಕೆ ಮೊದಲಿನಿಂದಲೇ ಚಾಲನೆಯಲ್ಲಿರುತ್ತದೆ, ಅದನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಯುರೋಪಿನ ಭಾಷೆಗಳ ಸ್ವರಚಿಹ್ನೆಗಳ ತೊಂದರೆಯೆಂದು ಸಾಮಾನ್ಯವಾಗಿ ವಿವರಿಸುವ ಈ ವಿಷಯ ಕನ್ನಡಕ್ಕೂ ಅಷ್ಟೇ ಸಂಬಂಧಿಸಿದ್ದು ಎಂಬುದನ್ನು ಹೇಳುವ ಕೈಪಿಡಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಈ ಏಕರೂಪಕ್ಕೆ ತರುವ ಕ್ರಮದಿಂದಲೂ ಸರಿಹೋಗದ ಒಂದು ತೊಡಕಿದೆ. ಅರ್ಧಾಕ್ಷರದಲ್ಲಿ ಕೊನೆಗೊಳ್ಳುವ ಪದಗಳ ಕೊನೆಗೆ ನಮ್ಮ ಕೀಲಿಮಣೆಗಳು, ಬೆರಳಚ್ಚಿನ ಅಭ್ಯಾಸಗಳು ಅಗೋಚರವಾದ ಬಿಡಿಸುವ ಸಂಕೇತವೊಂದನ್ನು ಸೇರಿಸುವುದುಂಟು. ‘ಬುಕ್’ ಎಂಬ ಹೆಸರು ಆ ಸಂಕೇತವಿದ್ದರೂ ಇಲ್ಲದಿದ್ದರೂ ಕಣ್ಣಿಗೆ ಒಂದೇ, ಲಿನಕ್ಸ್ ಮತ್ತು ವಿಂಡೋಸಿಗೆ ಎರಡು. ಎಚ್‌ಎಫ್‌ಎಸ್ ಪ್ಲಸ್ ಮಾತ್ರ ಹೆಸರುಗಳನ್ನು ಹೋಲಿಸುವಾಗ ಇಂತಹ ಸಂಕೇತಗಳನ್ನು ಕಡೆಗಣಿಸಿ ಎರಡನ್ನೂ ಒಂದೆಂದು ತಿಳಿಯುತ್ತದೆ; 2014ರಲ್ಲಿ, ತಂತ್ರಾಂಶ ಬರೆಯುವವರು ಬಳಸುವ ಗಿಟ್ ತಂತ್ರಾಂಶದಲ್ಲಿ ಪತ್ತೆಯಾದ ಗಂಭೀರ ಭದ್ರತಾ ದೋಷವೊಂದರ ಮೂಲವೂ ಈ ಗುಣವೇ. ಫೈಲುಗಳನ್ನು ಹಂಚತೊಡಗುವ ಮೊದಲು ಹೆಸರುಗಳಿಂದ ಆ ಸಂಕೇತವನ್ನು ಒಟ್ಟಾಗಿ ತೆಗೆದುಹಾಕಬೇಕು, ಇಲ್ಲವೇ ಎಲ್ಲ ಕಡೆಯೂ ಒಂದೇ ಕ್ರಮದಲ್ಲಿ ಉಳಿಸಿಕೊಳ್ಳಬೇಕು. ಇದನ್ನು ಬಳಕೆದಾರರೇ ಮಾಡಿಕೊಳ್ಳಬೇಕಾದ ಕೆಲಸವೆಂದು ನಾನು ಒಪ್ಪುತ್ತೇನೆ, ಸಿಂಕ್‌ಥಿಂಗ್ ಮೇಲೆ ಹೊರಿಸುವುದಿಲ್ಲ.

ಫೋನಿನ ವಿಷಯದಲ್ಲಿ ಎರಡು ಮಾತು. ಅಧಿಕೃತ ಆಂಡ್ರಾಯ್ಡ್ ಆ್ಯಪ್‌ನ ಬೆಳವಣಿಗೆ 2024ರ ಡಿಸೆಂಬರಿಗೆ ನಿಂತಿದೆ. ಈಗ ಬಳಸಬೇಕಾದದ್ದು ಸಿಂಕ್‌ಥಿಂಗ್-ಫೋರ್ಕ್ ಎಂಬ ಕವಲು. ಮೆಮೊರಿ ಕಾರ್ಡು ಫ್ಯಾಟ್32 ಆಗಿದ್ದರೆ ಸುಮಾರು 4 ಗಿಗಾಬೈಟಿಗಿಂತ ದೊಡ್ಡ ಫೈಲನ್ನು ಅದು ಹಿಡಿಯಲಾರದು, ತಾತ್ಕಾಲಿಕ ಫೈಲೇ ಆ ಗಾತ್ರದಲ್ಲಿ ನಿಂತುಬಿಡುತ್ತದೆ. ಅದರಲ್ಲಿ ತಿದ್ದುಪಡಿಯ ಸಮಯ ಎರಡು ಸೆಕೆಂಡುಗಳ ಹೆಜ್ಜೆಯಲ್ಲಿ ದಾಖಲಾಗುವುದರಿಂದ ಆ ವ್ಯತ್ಯಾಸವನ್ನು ಕಡೆಗಣಿಸುವ ಹೊಂದಿಕೆಯೂ ಅನುಮತಿಗಳನ್ನು ನಿರ್ಲಕ್ಷಿಸುವ ಹೊಂದಿಕೆಯೂ ಚಾಲನೆಯಲ್ಲಿರಬೇಕು. ಸಾಧ್ಯವಿದ್ದರೆ ಕಾರ್ಡನ್ನು ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿಕೊಳ್ಳಿ.

ಬೇರೆ ತಂತ್ರಾಂಶಗಳ ತಾತ್ಕಾಲಿಕ ಫೈಲುಗಳ ಹೊಣೆ ಸಿಂಕ್‌ಥಿಂಗ್‌ನದಲ್ಲ, ಅದನ್ನು ನಾವೇ ನೋಡಿಕೊಳ್ಳಬೇಕು. ಲಿಬ್ರೆಆಫೀಸ್ ಕಡತವೊಂದನ್ನು ತೆರೆದೊಡನೆ ಅದೇ ಫೋಲ್ಡರಿನಲ್ಲಿ ಚುಕ್ಕಿ ಮತ್ತು ~ ಚಿಹ್ನೆಯಿಂದ ಆರಂಭವಾಗಿ # ಚಿಹ್ನೆಯಲ್ಲಿ ಮುಗಿಯುವ ಬೀಗದ ಫೈಲನ್ನು ಸೃಷ್ಟಿಸುತ್ತದೆ. ಮೈಕ್ರೋಸಾಫ್ಟ್ ವರ್ಡ್ ~$ ಚಿಹ್ನೆಗಳಿಂದ ಆರಂಭವಾಗುವ ಫೈಲನ್ನು ಸೃಷ್ಟಿಸುತ್ತದೆ. ಇವು ಸಿಂಕ್‌ಥಿಂಗ್ ಕಣ್ಣಿಗೆ ಮಾಮೂಲಿ ಫೈಲುಗಳೇ ಆದ್ದರಿಂದ ಎಲ್ಲ ಯಂತ್ರಗಳಿಗೂ ಹರಿದಾಡುತ್ತವೆ. ಕಡೆಗಣಿಸಬೇಕಾದ ಹೆಸರುಗಳ ಪಟ್ಟಿಗೆ ಈ ಎರಡು ಮಾದರಿಗಳನ್ನೂ ಸೇರಿಸಬೇಕು. ಆ ಪಟ್ಟಿ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ಮಾದರಿಗಳನ್ನು ಸಾಮಾನ್ಯ ಫೈಲೊಂದರಲ್ಲಿ ಬರೆದು ಹಂಚಿಕೊಂಡು, ಪ್ರತಿ ಯಂತ್ರದ ಪಟ್ಟಿಯೊಳಗೆ ಆ ಫೈಲನ್ನು ಸೇರಿಸಿಕೊಳ್ಳುವ ಒಂದು ಸಾಲು ಬರೆದರೆ ಮುಂದೆ ಒಂದು ಕಡೆ ತಿದ್ದಿದ್ದು ಎಲ್ಲ ಕಡೆಗೂ ಅನ್ವಯವಾಗುತ್ತದೆ.